ಟರ್ಮಿನಲ್‌ನಲ್ಲಿ ಕನ್ನಡದ ಬದಲು ಬರೀ ಪ್ರಶ್ನೆ ಚಿಹ್ನೆ ಬರ್ತಿದೆ, ಯಾವ ಫಾಂಟ್ ಹಾಕಲಿ?

ಯಾವ ಫಾಂಟೂ ಹಾಕಬೇಡಿ. ಸರ್ವರ್‌ಗೆ ಲಾಗಿನ್ ಆಗಿ, ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕೊಟ್ಟರೆ ಕನ್ನಡ ಹೆಸರಿನ ಫೈಲುಗಳೆಲ್ಲ ಪ್ರಶ್ನೆ ಚಿಹ್ನೆ, ಅಲ್ವಾ? ನಾನು ಎಡವಿದ್ದೂ ಇಲ್ಲೇ.

ನಮ್ಮೂರ ಗ್ರಂಥಾಲಯದ ಪುಸ್ತಕ ಪಟ್ಟಿಯನ್ನು ಎರಡು ತಿಂಗಳು ಕೂತು ಟೈಪ್ ಮಾಡಿದ್ದೆ. ಸುಮಾರು 1,800 ಸಾಲು. ಸರ್ವರ್‌ಗೆ ಹಾಕಿ ಫೈಲು ಓದಲು ಬಳಸುವ ‘ಲೆಸ್’ ಕಮಾಂಡಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ‘ಕ’ ಇರಬೇಕಾದ ಕಡೆ ಇ0, ಬಿ2, 95 ಅಂತ ಮೂರು ಸಂಕೇತ. ನೋಟೋ, ಲೋಹಿತ್ ಎಲ್ಲ ಫಾಂಟ್ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಫೈಲೇ ಕೆಟ್ಟಿದೆ ಅಂದುಕೊಂಡೆ.

ಕೆಟ್ಟಿರಲಿಲ್ಲ. ಯುಟಿಎಫ್-8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ, ಅಂದರೆ ಸಂಖ್ಯೆಗಳಾಗಿ, ಇಡುವ ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತದ ಪ್ರತಿ ಚಿಹ್ನೆಗೂ ಮೂರು ಬೈಟ್. ಇ0 ಬಿ2 95 ಅಂದರೆ ಅಪ್ಪಟ ‘ಕ’. ಅದು ಗೊತ್ತಿಲ್ಲದೆ ಇಂಥ ಪದ್ಧತಿ ಬದಲಿಸುವ ‘ಐಕಾನ್ವ್’ ಕಮಾಂಡಿಗೆ ಇದು ವಿಂಡೋಸ್-1252 (ಇಂಗ್ಲಿಷ್, ಪಶ್ಚಿಮ ಯುರೋಪಿನ ಭಾಷೆಗಳ ಹಳೆ ಪದ್ಧತಿ) ಫೈಲು, ಯುಟಿಎಫ್-8ಕ್ಕೆ ಬದಲಿಸು ಅಂದೆ. ಎರರ್ ಕೊಟ್ಟು ನಿಂತಿತು. ಅಲ್ಲಿಗೆ ಬಿಡಬೇಕಿತ್ತು. ‘ಮೈನಸ್ ಸಿ’ ಸೇರಿಸಿ ಮತ್ತೆ ಓಡಿಸಿದೆ. ಅರ್ಥವಾಗದ ಬೈಟ್ ಸಿಕ್ಕರೆ ಎಸೆದು ಮುಂದೆ ಹೋಗು ಅಂತ ಅದರ ಅರ್ಥ. ಬಂದದ್ದನ್ನು ಹಳೆ ಫೈಲಿನ ಮೇಲೇ ಬರೆದುಬಿಟ್ಟೆ. ಬೇರೆ ಪ್ರತಿ ಇರಲಿಲ್ಲ.

ವಿಂಡೋಸ್-1252ರಲ್ಲಿ 81 ಮತ್ತು 8ಡಿ ಬೈಟುಗಳಿಗೆ ಅಕ್ಷರವೇ ಇಲ್ಲ. ನಮ್ಮ ಕೊಂಬು ‘ು’ ಇ0 ಬಿ3 81. ಒತ್ತಕ್ಷರಕ್ಕೆ ಬೇಕಾದ ‘್’ ಇ0 ಬಿ3 8ಡಿ. ಎರಡರ ಕೊನೆಯ ಬೈಟೂ ಹೋಯಿತು. ವಾಪಸ್ ತಿರುಗಿಸಿದಾಗ ಎರಡೂ ಕಡೆ ಉಳಿದಿದ್ದು ಒಂದೇ, ಇ0 ಬಿ3. ಕೊಂಬು ಎಲ್ಲಿತ್ತು, ಒತ್ತು ಎಲ್ಲಿತ್ತು ಅಂತ ಹೇಳುವ ಗುರುತೇ ಇಲ್ಲ. ‘ಅಮ್ಮ’, ‘ಗುರು’ ಥರದ ಪದ ಊಹಿಸಬಹುದು. ಲೇಖಕರ ಹೆಸರು, ಊರ ಹೆಸರಿಗೆ ಊಹೆ ನಡೆಯಲಿಲ್ಲ. ಮತ್ತೆ ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ತೆಗೆದು ಸರಿಮಾಡಿದೆ.

ನನ್ನ ಸರ್ವರಿನಲ್ಲಿ ತಪ್ಪಿದ್ದು ಲೊಕೇಲ್ ಮಾತ್ರ, ಅಂದರೆ ಭಾಷೆ ಯಾವುದು, ಅಕ್ಷರದ ಪದ್ಧತಿ ಯಾವುದು ಅಂತ ಹೇಳುವ ಸೆಟ್ಟಿಂಗ್. ನಿಮ್ಮದೂ ಅದೇ ಇರಬೇಕು. ‘ಲೊಕೇಲ್’ ಅಂತಲೇ ಕಮಾಂಡ್ ಕೊಡಿ. ‘ಸಿ’ ಅಥವಾ ‘ಪಾಸಿಕ್ಸ್’ ಅಂತ ಬಂದರೆ ‘ಲ್ಯಾಂಗ್’ ಅನ್ನೋ ಸೆಟ್ಟಿಂಗನ್ನು ‘ಸಿ ಡಾಟ್ ಯುಟಿಎಫ್-8’ಕ್ಕೆ ಬದಲಿಸಿ. ‘ಎಲ್‌ಸಿ ಆಲ್’ನಲ್ಲಿ ಬೇರೇನಾದರೂ ಇದ್ದರೆ ಅದರ ಮಾತೇ ನಡೆಯೋದು, ಅದನ್ನು ತೆಗೆಯಿರಿ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಣೋದು ಖಾಲಿ ಚೌಕ. ಫಾಂಟ್ ಹಾಕಬೇಕಾದದ್ದೂ ನಿಮ್ಮ ಕಂಪ್ಯೂಟರಿಗೆ, ಸರ್ವರಿಗಲ್ಲ.

ಇಷ್ಟಾದ ಮೇಲೂ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬಹುದು. ಎಕ್ಸ್‌ಟರ್ಮ್‌ನಂಥ ಟರ್ಮಿನಲ್‌ಗಳಿಗೆ ಕನ್ನಡದ ಒತ್ತು ಜೋಡಿಸೋಕೆ ಬರಲ್ಲ. ಬೇರೆ ಟರ್ಮಿನಲ್ ಹಾಕಿ ನೋಡಿ, ಫೈಲನ್ನು ಮಾತ್ರ ಮುಟ್ಟಬೇಡಿ.