ಗ್ರಾವೆಲ್ ಮೇಲೆ ಕಾರು ನನ್ನ ಮಾತು ಕೇಳುತ್ತಿಲ್ಲ, ಏನು ಮಾಡಲಿ?

ಟಾರ್ ಟ್ರ್ಯಾಕಿನ ಎಫ್1, ಜಿಟಿ ರೇಸ್ ಗೇಮ್‌ಗಳಲ್ಲಿ ನಿಮ್ಮ ಲ್ಯಾಪ್ ಟೈಮ್ ಚೆನ್ನಾಗಿ ಬರುತ್ತದೆ, ಆದರೆ ಡರ್ಟ್ ರ್ಯಾಲಿ 2.0 ಅನ್ನುವ ರ್ಯಾಲಿ ಗೇಮ್‌ನಲ್ಲಿ ಗ್ರಾವೆಲ್, ಅಂದರೆ ಸಡಿಲ ಜಲ್ಲಿಕಲ್ಲಿನ, ರಸ್ತೆಗೆ ಇಳಿದರೆ ಮೂರನೇ ತಿರುವಿನೊಳಗೆ ಮರಕ್ಕೆ ಗುದ್ದುತ್ತೇನೆ ಅಂತ ಬರೆದಿದ್ದೀರಿ. ಸ್ಟಿಯರಿಂಗ್ ವೀಲ್ ತಗೊಂಡರೆ ಸರಿಹೋಗುತ್ತಾ, ಇಲ್ಲ ಬೇರೆ ಗೇಮ್ ನೋಡಬೇಕಾ ಅನ್ನೋದು ನಿಮ್ಮ ಪ್ರಶ್ನೆ. ವೀಲ್ ವಿಷಯ ಆಮೇಲೆ ಹೇಳುತ್ತೇನೆ. ಗೇಮ್ ಬದಲಾಯಿಸಿದರೆ ಗುದ್ದುವ ಮರ ಬದಲಾಗುತ್ತದೆ, ಅಷ್ಟೇ.

ಟಾರ್ ಮೇಲೆ ಟೈರು ರಸ್ತೆಯನ್ನು ಕಚ್ಚಿಕೊಂಡಿರುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರಿನ ಮೂತಿ ತಿರುಗುತ್ತದೆ. ನಿಮ್ಮ ಕೈ ಅದಕ್ಕೇ ಪಳಗಿದೆ. ಗ್ರಾವೆಲ್ ಮೇಲೆ ಟೈರಿನ ಕೆಳಗಿನ ಕಲ್ಲುಗಳೇ ಉರುಳುತ್ತಿರುತ್ತವೆ. ನೀವು ತಿರುಗಿಸಿದರೂ ಕಾರು ಒಂದು ಕ್ಷಣ ಸುಮ್ನೆ ನೇರಕ್ಕೇ ಹೋಗುತ್ತದೆ. ಗಾಬರಿಯಲ್ಲಿ ಇನ್ನೂ ಜಾಸ್ತಿ ತಿರುಗಿಸುತ್ತೀರಿ. ಮುಂದಿನ ಚಕ್ರಗಳು ಅಡ್ಡ ನಿಂತು ಕಲ್ಲು ತಳ್ಳುತ್ತವೆಯೇ ಹೊರತು ಕಾರನ್ನು ತಿರುಗಿಸುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ದಿಢೀರನೆ ಹಿಡಿತ ಸಿಕ್ಕಿಬಿಡುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ನಿಮ್ಮ ಮರದ ಕಥೆ ಇದೇ ಇರಬೇಕು, ಅಲ್ವಾ?

ಗ್ರಾವೆಲ್‌ನಲ್ಲಿ ಕಾರನ್ನು ತಿರುಗಿಸುವುದು ಭಾರದಿಂದ, ಅದೂ ತಿರುವು ಬರುವುದಕ್ಕೆ ಮುಂಚೆ. ಸ್ಕೂಟರಿನ ಹಿಂದಿನ ಸೀಟಿಗೆ ಅಕ್ಕಿ ಮೂಟೆ ಹೇರಿಕೊಂಡು ಹೊರಟರೆ ಹ್ಯಾಂಡಲ್ ಹಗುರಾಗಿ ಮಾತು ಕೇಳುವುದಿಲ್ಲ ನೋಡಿ, ಅದೇ ಲೆಕ್ಕ. ಆಕ್ಸಿಲರೇಟರ್ ಒತ್ತಿದರೆ ಭಾರ ಹಿಂದಕ್ಕೆ ಕೂರುತ್ತದೆ, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಕಾಲು ತೆಗೆದರೆ, ಬ್ರೇಕ್ ಮುಟ್ಟಿದರೆ ಭಾರ ಮುಂದಕ್ಕೆ ಬರುತ್ತದೆ. ಆಗ ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂಭಾಗ ಹಗುರಾಗಿ ಜಾರಲು ತಯಾರಾಗುತ್ತದೆ. ಆ ಒಂದು ಕ್ಷಣದಲ್ಲಿ ಮಾತ್ರ ಸ್ಟಿಯರಿಂಗ್‌ಗೆ ಬೆಲೆ.

ಒಂದು ತಿರುವನ್ನೇ ತಗೊಳ್ಳೋಣ. ಡರ್ಟ್ ರ್ಯಾಲಿ 2.0ರಲ್ಲಿ ನ್ಯೂಜಿಲೆಂಡಿನ ಹಾಕ್ಸ್ ಬೇ ಆರಿಸಿ, ಕಾರು ಮಿನಿ ಕೂಪರ್ ಎಸ್. ಮುಂದೆ ಎಡಕ್ಕೆ ಬಿಗಿಯಾದ ತಿರುವಿದೆ. ಅದು ಇನ್ನೂ ದೂರ ಇರುವಾಗಲೇ ಕಾರನ್ನು ಒಂದಿಷ್ಟು ಬಲಕ್ಕೆ, ಅಂದರೆ ತಪ್ಪು ದಿಕ್ಕಿಗೆ, ತಿರುಗಿಸಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಹಿಂಭಾಗ ಸ್ವಲ್ಪ ಅಲ್ಲಾಡುತ್ತದೆ. ಈಗ ಬ್ರೇಕನ್ನು ಒಮ್ಮೆ ತಟ್ಟಿ ಎಡಕ್ಕೆ ಎಳೆಯಿರಿ. ಹಿಂಭಾಗ ಬಲಕ್ಕೆ ತೂಗಿ ಬರುತ್ತದೆ, ಮೂತಿ ತಿರುವಿನ ಒಳಗನ್ನು ನೋಡುತ್ತದೆ. ಗಮನಿಸಿ, ತಿರುವು ಇನ್ನೂ ಶುರುವಾಗಿಲ್ಲ, ಕಾರು ಮಾತ್ರ ಆಗಲೇ ತಿರುಗಿ ಅಡ್ಡಡ್ಡ ಜಾರುತ್ತಿದೆ. ಇಲ್ಲಿ ಸ್ಟಿಯರಿಂಗ್ ನೇರ ಮಾಡಿ ಆಕ್ಸಿಲರೇಟರ್ ಒತ್ತಿ. ಮಿನಿಯಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅವೇ ಕಾರನ್ನು ಎಳೆದು ನೇರ ಮಾಡುತ್ತವೆ. ಇದಕ್ಕೆ ಸ್ಕ್ಯಾಂಡಿನೇವಿಯನ್ ಫ್ಲಿಕ್ ಅಂತಾರೆ. 1960ರ ದಶಕದಲ್ಲಿ ಫಿನ್‌ಲೆಂಡ್, ಸ್ವೀಡನ್ ಕಡೆಯ ಡ್ರೈವರ್‌ಗಳು ಇದನ್ನು ರ್ಯಾಲಿಯಲ್ಲಿ ಬಳಸಿ ಜನಪ್ರಿಯ ಮಾಡಿದರು.

ಪ್ರತಿ ತಿರುವಿಗೂ ಇಷ್ಟೆಲ್ಲ ಬೇಡ. ಸಾಧಾರಣ ತಿರುವಿಗೆ ಕಾಲು ತೆಗೆದು ಬ್ರೇಕ್ ಮುಟ್ಟಿದರೆ ಸಾಕು. ಹೇರ್‌ಪಿನ್‌ಗೆ, ಅಂದರೆ ಯು ಆಕಾರದ ತಿರುವಿಗೆ, ಹ್ಯಾಂಡ್‌ಬ್ರೇಕ್ ಇದೆ. ಯೂಟ್ಯೂಬ್ ವಿಡಿಯೋ ನೋಡಿ ಎಲ್ಲ ಕಡೆ ಡ್ರಿಫ್ಟ್ ಹೊಡೆಯುವವರು ಜಾಸ್ತಿ. ನೋಡಲು ಚೆಂದ, ಟೈಮ್ ಮಾತ್ರ ಬರುವುದಿಲ್ಲ.

ಬ್ರೇಕ್ ವಿಷಯದಲ್ಲಿ ಒಂದು ವಿಚಿತ್ರ ಇದೆ. ಸಡಿಲ ಕಲ್ಲಿನ ಮೇಲೆ ಲಾಕ್ ಆದ, ಅಂದರೆ ತಿರುಗುವುದು ನಿಂತ, ಚಕ್ರ ತನ್ನ ಮುಂದೆ ತಾನೇ ಕಲ್ಲಿನ ಸಣ್ಣ ಗುಡ್ಡೆ ಮಾಡಿಕೊಳ್ಳುತ್ತದೆ. ಆ ಗುಡ್ಡೆಯೂ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡುವುದಿಲ್ಲ, ಹಾಗಾಗಿ ಮಣ್ಣು ರಸ್ತೆಯಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಎಷ್ಟೋ ಸಲ ಹೆಚ್ಚು ದೂರ ತಗೊಳ್ಳುತ್ತದೆ. ಟಾರ್ ಗೇಮ್‌ನಲ್ಲಿ ಎಬಿಎಸ್ ಹಾಕಿಕೊಂಡು ಆಡುವ ಅಭ್ಯಾಸ ಇದ್ದರೆ ಇಲ್ಲಿ ತೆಗೆದುಬಿಡಿ. ಎರಡು ದಿನ ಕಷ್ಟವಾಗುತ್ತದೆ, ಆಮೇಲೆ ಅದು ಬೇಕು ಅನ್ನಿಸುವುದಿಲ್ಲ.

ನಿಮ್ಮ ಇನ್ನೊಂದು ತೊಂದರೆ ಕಿವಿಯದು ಅಂತ ನನ್ನ ಅನುಮಾನ. ಸರ್ಕ್ಯೂಟ್ ಆಡುವವರು ಒಂದೇ ಟ್ರ್ಯಾಕನ್ನು ಸುತ್ತಿ ಸುತ್ತಿ ಬಾಯಿಪಾಠ ಮಾಡುತ್ತಾರೆ. ರ್ಯಾಲಿಯ ಒಂದು ಸ್ಟೇಜ್, ಅಂದರೆ ಟೈಮ್ ಲೆಕ್ಕ ಹಾಕುವ ರಸ್ತೆಯ ತುಂಡು, ಮೈಲಿಗಟ್ಟಲೆ ಹೋಗುತ್ತದೆ, ಬಂದ ತಿರುವು ಮತ್ತೆ ಬರುವುದಿಲ್ಲ. ಅದಕ್ಕೇ ಮುಂದಿನ ತಿರುವು ಹೇಗಿದೆ ಅಂತ ಓದಿ ಹೇಳಲು ಪಕ್ಕದಲ್ಲಿ ಕೋ-ಡ್ರೈವರ್ ಕೂತಿರುವುದು. ಡರ್ಟ್ ರ್ಯಾಲಿ 2.0ರಲ್ಲಿ ಆ ದನಿ ಫಿಲ್ ಮಿಲ್ಸ್ ಅವರದು. 2003ರಲ್ಲಿ ನಾರ್ವೆಯ ಪೆಟ್ಟರ್ ಸೋಲ್ಬರ್ಗ್ ವಿಶ್ವ ರ್ಯಾಲಿ ಚಾಂಪಿಯನ್ ಆದಾಗ ಅವರ ಪಕ್ಕದ ಸೀಟಿನಲ್ಲಿದ್ದವರು ಇದೇ ಮಿಲ್ಸ್. ತಿರುವು ಎಷ್ಟು ಬಿಗಿ ಅನ್ನುವುದಕ್ಕೆ ಅವರು ಹೇಳುವ ಅಂಕಿ 1ರಿಂದ 6. 6 ಅಂದರೆ ಕಾಲು ತೆಗೆಯದೆ ಹೋಗುವಂಥದ್ದು, 1 ಅಂದರೆ ತೀರಾ ಬಿಗಿ. ಅಂಕಿಗಿಂತ ಅದರ ಬಾಲಕ್ಕೆ ಕಿವಿ ಕೊಡಿ. 'ಲೆಫ್ಟ್ 5, ಟೈಟೆನ್ಸ್ 3' ಅಂದರೆ ತಿರುವು ಸುಲಭವಾಗಿ ಶುರುವಾಗಿ ಒಳಗೆ ಬಿಗಿಯಾಗುತ್ತದೆ. 5 ಕೇಳಿ ಖುಷಿಯಾಗಿ ಒತ್ತಿದವರೆಲ್ಲ 3ರಲ್ಲಿ ಕಣಿವೆಗೆ ಹೋಗುತ್ತಾರೆ. 'ಡೋಂಟ್ ಕಟ್' ಅಂದರೆ ತಿರುವಿನ ಒಳ ಅಂಚನ್ನು ಹತ್ತಿಸಬೇಡಿ, ಒಳಗಡೆ ಬಂಡೆಯೋ ಮರದ ಬುಡವೋ ಕಾದಿದೆ. ಸೂಚನೆ ತಡವಾಗಿ ಬರುತ್ತಿದೆ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬೇಗ ಹೇಳುವ ಹಾಗೆ ಮಾಡಿಕೊಳ್ಳಿ. ಗೇಮ್‌ನ ಸಂಗೀತ, ಹೆಡ್‌ಫೋನ್‌ನ ಹಾಡು ಎರಡೂ ಬಂದ್.

ಇದರ ಜೊತೆಗೆ ಒಂದು ಕೆಲಸ ಮಾಡಿ. ಗುದ್ದಿದ ಕೂಡಲೇ ರೀಸ್ಟಾರ್ಟ್ ಒತ್ತಬೇಡಿ. ಒಂದೇ ಸ್ಟೇಜನ್ನು ತಿರುಗಾ ಮುರುಗಾ ಓಡಿಸಿದರೆ ರಸ್ತೆ ಬಾಯಿಪಾಠವಾಗುತ್ತದೆ, ಕೇಳುವುದು ಮಾತ್ರ ಬರುವುದಿಲ್ಲ. ಮುಗಿಸಿ, ಎಷ್ಟೇ ನಿಧಾನ ಆಗಲಿ. ಮುಂದಿನ ಸಲ ಬೇರೆ ಸ್ಟೇಜ್. ಹಾಕ್ಸ್ ಬೇ ರಸ್ತೆಗಳು ಅಗಲ, ಹರಿವಾಗಿವೆ, ಕಲಿಯಲು ಒಳ್ಳೆಯದು. ಅರ್ಜೆಂಟೀನಾದ ಕತಮಾರ್ಕಾ ಕಡೆ ಸದ್ಯಕ್ಕೆ ತಲೆ ಹಾಕಬೇಡಿ. ಅದು ಇಕ್ಕಟ್ಟು, ಎರಡೂ ಕಡೆ ಕಲ್ಲು.

ಕಾರು ಆರಿಸುವಾಗಲೂ ಆಸೆ ಬೇಡ. 1980ರ ದಶಕದ ಅತಿ ಶಕ್ತಿಶಾಲಿ ಗ್ರೂಪ್ ಬಿ ರ್ಯಾಲಿ ಕಾರುಗಳನ್ನು ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ, ಒಪ್ಪುತ್ತೇನೆ. 1986ರ ಸರಣಿ ಅಪಘಾತಗಳ ನಂತರ ವಿಶ್ವ ರ್ಯಾಲಿಯಿಂದಲೇ ಹೊರಗೆ ಹಾಕಿದ ಕಾರುಗಳು ಅವು. ಮಿನಿ, ಲಾಂಚಿಯಾ ಫುಲ್ವಿಯಾದಂಥ ನಿಧಾನ ಕಾರುಗಳಲ್ಲಿ ಯೋಚನೆ ಮಾಡಲು ಸಮಯ ಸಿಗುತ್ತದೆ. ಆಮೇಲೆ ಎಂಜಿನ್ ಹಿಂದಿನ ಚಕ್ರ ಓಡಿಸುವ ಫೋರ್ಡ್ ಎಸ್ಕಾರ್ಟ್, ಅದಾದ ಮೇಲೆ ನಾಲ್ಕೂ ಚಕ್ರ ಓಡಿಸುವ ಆರ್5 ವರ್ಗದ ಕಾರುಗಳು.

ರಸ್ತೆ ಒಂದೇ ಥರ ಇರುವುದಿಲ್ಲ ಅನ್ನೋದೂ ಗೊತ್ತಿರಲಿ. ನಿಜವಾದ ರ್ಯಾಲಿಯಲ್ಲಿ ಮೊದಲು ಹೋಗುವ ಕಾರು ಸಡಿಲ ಕಲ್ಲನ್ನು ಗುಡಿಸಿಕೊಂಡು ಹೋಗುತ್ತದೆ, ಹಿಂದಿನವರಿಗೆ ಗಟ್ಟಿ ನೆಲ ಸಿಗುತ್ತದೆ. ಡಬ್ಲ್ಯುಆರ್‌ಸಿಯಲ್ಲಿ, ಅಂದರೆ ವಿಶ್ವ ರ್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ, ಮೊದಲ ದಿನ ಪಾಯಿಂಟ್ಸ್‌ನಲ್ಲಿ ಮುಂದಿರುವವರೇ ಮೊದಲು ಹೊರಡಬೇಕು. ಗೆಲ್ಲುತ್ತಿರುವವರಿಗೇ ಗುಡಿಸುವ ಕೆಲಸ! ತುಂಬಾ ಕಾರು ಹೋದ ಮೇಲೆ ಚಕ್ರದ ಜಾಡು ಆಳವಾಗುತ್ತದೆ. ಡರ್ಟ್ ರ್ಯಾಲಿ 2.0 ಈ ಜಾಡನ್ನೂ ತೋರಿಸುತ್ತದೆ. ತಡವಾಗಿ ಹೊರಟರೆ ಕಾರು ಜಾಡಿನೊಳಗೆ ಸಿಕ್ಕಿಕೊಂಡು ಕುಣಿಯುತ್ತದೆ.

ಬೇರೆ ಗೇಮ್ ಬಗ್ಗೆ ಕೇಳಿದ್ದೀರಿ. ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ 2023ರದು, ಡರ್ಟ್ ರ್ಯಾಲಿ ಮಾಡಿದ ಅದೇ ಕೋಡ್‌ಮಾಸ್ಟರ್ಸ್ ತಂಡದ್ದು. ಕೀನ್ಯಾದ ಸಫಾರಿ ರ್ಯಾಲಿಯೂ ಅದರಲ್ಲಿದೆ. ಅಪಘಾತದಲ್ಲಿ ಕಾರು ಹೇಗೆ ನುಜ್ಜುಗುಜ್ಜಾಗುತ್ತದೆ ಅಂತ ನೋಡುವ ಕುತೂಹಲಕ್ಕೆ ಬೀಮ್‌ಎನ್‌ಜಿ ಡ್ರೈವ್. ಆದರೆ ಗಂಭೀರವಾಗಿ ಆಡುವವರು ಇವತ್ತಿಗೂ ಹೋಗಿ ನಿಲ್ಲುವುದು ರಿಚರ್ಡ್ ಬರ್ನ್ಸ್ ರ್ಯಾಲಿ ಹತ್ತಿರ. ಅದು ಬಂದದ್ದು 2004ರಲ್ಲಿ! ಅಭಿಮಾನಿಗಳು ಅದರ ಫಿಸಿಕ್ಸ್, ಕಾರು, ಸ್ಟೇಜ್ ಎಲ್ಲ ಹೊಸದಾಗಿ ಮಾಡಿ ಉಳಿಸಿಕೊಂಡಿದ್ದಾರೆ. ರ್ಯಾಲಿಸಿಮ್‌ಫ್ಯಾನ್ಸ್ ಅನ್ನುವ ಪ್ಯಾಕ್ ಪುಕ್ಕಟೆ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಕಾರು ಅಲ್ಲಿ ನಿಮ್ಮನ್ನು ಸ್ವಲ್ಪವೂ ಕ್ಷಮಿಸುವುದಿಲ್ಲ. ಈಗಲೇ ಬೇಡ, ಮಿನಿ ಕೈಗೆ ಬಂದ ಮೇಲೆ ಹೋಗಿ.

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲೂ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆದಿದೆ. ನಮ್ಮ ದೇಶದ ರ್ಯಾಲಿ ಡ್ರೈವರ್ ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ ಅನ್ನು 2013, 2016, 2017ರಲ್ಲಿ ಗೆದ್ದವರು. ಡರ್ಟ್ ರ್ಯಾಲಿ 2.0ರಲ್ಲಿ, ಇಎ ಗೇಮ್‌ನಲ್ಲಿ ಆ ರಸ್ತೆಗಳಿಲ್ಲ ಅನ್ನೋದೇ ನನ್ನ ಹೊಟ್ಟೆಉರಿ.

ಇನ್ನು ವೀಲ್. ಈಗಲೇ ಬೇಡ. ಗೇಮ್‌ಪ್ಯಾಡ್‌ನಲ್ಲೇ ಭಾರದ ಆಟ ಅರ್ಥವಾಗುತ್ತದೆ, ಅದಕ್ಕೆ ಬೇಕಾದ್ದು ಆಕ್ಸಿಲರೇಟರ್, ಬ್ರೇಕ್ ಅಳತೆ ಮಾಡಿ ಒತ್ತುವ ಬೆರಳು. ತಗೊಂಡರೂ ಸೆಕೆಂಡ್‌ಹ್ಯಾಂಡ್ ಲಾಜಿಟೆಕ್ ಜಿ29 ಸಾಕು. ಅದು 900 ಡಿಗ್ರಿ ತಿರುಗುತ್ತದೆ, ರ್ಯಾಲಿಗೆ 540ಕ್ಕೆ ಇಳಿಸಿ, ಇಲ್ಲದಿದ್ದರೆ ಜಾರುವ ಕಾರನ್ನು ಹಿಡಿಯುವಷ್ಟರಲ್ಲಿ ಕೈ ಸಾಲುವುದಿಲ್ಲ. ಮೇಜಿಗೆ ಬಿಗಿಯಾಗಿ ಕಟ್ಟಿ. ಪೆಡಲ್ ಗೋಡೆಗೆ ಒತ್ತಿ ಇಡಿ, ಬ್ರೇಕ್ ತುಳಿದಾಗ ಅದು ಹಿಂದೆ ಜಾರಿದರೆ ಮೇಲೆ ಹೇಳಿದ್ದು ಯಾವುದೂ ಆಗುವುದಿಲ್ಲ.