ಗೋಳವೋ ಕಡ್ಡಿಯೋ ಕೇಳುವ ಮೊದಲು ಟ್ಯೂಬಿನ ಬಣ್ಣ ನೋಡಿ

50 ನ್ಯಾನೊಮೀಟರಿನ ಚಿನ್ನದ ಗೋಳ, ಉದ್ದನೆಯ ಕಡ್ಡಿ, ಎರಡರಲ್ಲಿ ಯಾವುದು ಜೀವಕೋಶದೊಳಗೆ ಜಾಸ್ತಿ ಹೋಗುತ್ತದೆ ಅಂತ ಕೇಳಿದ್ದೀರಿ. ನನ್ನ ಪಿಎಚ್‌ಡಿಯ ಎಂಟು ತಿಂಗಳು ಇದೇ ಪ್ರಶ್ನೆಗೆ ಹೋಯಿತು.

ಗೋಳಗಳನ್ನು ನಾನೇ ಮಾಡಿದ್ದೆ, ಮೈಮೇಲೆ ಸಿಟ್ರೇಟ್ ಎಂಬ ಲವಣದ ತೆಳು ಪದರ. ಕಡ್ಡಿಗಳಿಗೆ, ಕಣಗಳು ಅಂಟಿಕೊಳ್ಳದಂತೆ ತಡೆಯುವ ಪೆಗ್ ಎಂಬ ಪಾಲಿಮರ್ ಹೊದಿಸಿದ್ದೆ. ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಿಗೆ ಎರಡನ್ನೂ ಬೇರೆಬೇರೆ ಕೊಟ್ಟು, ಆರು ಗಂಟೆ ಬಿಟ್ಟು, ತೊಳೆದು, ಚಿನ್ನ ಎಷ್ಟಿದೆ ಅಂತ ಅಳೆದೆ. ಗೋಳದ್ದು ಎಷ್ಟೋ ಪಟ್ಟು ಜಾಸ್ತಿ ಬಂತು. 2006ರಲ್ಲಿ ಬಂದ ಒಂದು ಹೆಸರಾದ ಪ್ರಬಂಧದಲ್ಲೂ ಹೀಲಾ ಕೋಶಗಳೇ. ಅಲ್ಲಿ 14, 50, 74 ನ್ಯಾನೊಮೀಟರ್ ಗೋಳಗಳಲ್ಲಿ 50ರದ್ದೇ ಮುಂದೆ, ಕಡ್ಡಿ ಹಿಂದೆ. ನನ್ನದೂ ಹಾಗೇ ಬಂತಲ್ವಾ? ಅನುಮಾನವೇ ಬರಲಿಲ್ಲ.

ನಾನು ಗಾತ್ರ ಅಳೆದದ್ದು ನೀರಿನಲ್ಲಿ. ಕೋಶಗಳು ಇದ್ದದ್ದು ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ಪೋಷಕ ದ್ರವದಲ್ಲಿ. ತಪ್ಪು ಇಷ್ಟೇ.

ಸಿಟ್ರೇಟ್ ಇರುವ ಕಣಗಳು ಒಂದನ್ನೊಂದು ದೂರ ತಳ್ಳುವುದು ಮೈಮೇಲಿನ ಋಣ ವಿದ್ಯುದಂಶದಿಂದ. ಮೀಡಿಯಂನಲ್ಲಿರುವ ಉಪ್ಪು ಆ ತಳ್ಳಾಟವನ್ನು ಅಡಗಿಸಿಬಿಡುತ್ತದೆ. ಕಣಗಳು ಅಂಟಿಕೊಂಡು ಗಂಟಾಗುತ್ತವೆ. ಮೀಡಿಯಂಗೆ ಸೇರಿಸುವ ಸೀರಂ (ರಕ್ತದಿಂದ ತೆಗೆದ ತಿಳಿ ದ್ರವ) ಇದ್ದಿದ್ದರೆ ಅದರ ಪ್ರೋಟೀನ್ ಕಣಗಳನ್ನು ಸುತ್ತಿಕೊಂಡು ಸ್ವಲ್ಪ ಕಾಪಾಡುತ್ತಿತ್ತು. ಲೆಕ್ಕ ಸುಲಭವಾಗಲಿ ಅಂತ ನಾನೇ ಸೀರಂ ಬಿಟ್ಟಿದ್ದೆ. ಇಷ್ಟು ಚಿಕ್ಕ ಚಿನ್ನದ ಗೋಳಗಳಿರುವ ದ್ರವ ಕೆಂಪಾಗಿರುತ್ತದೆ, ಗಂಟಾದರೆ ನೇರಳೆಗೆ ತಿರುಗುತ್ತದೆ. ಅದು ಕಣ್ಣಿಗೆ ಬೀಳಬೇಕಿತ್ತು, ಆದರೆ ಮೀಡಿಯಂನಲ್ಲಿರುವ ಫೀನಾಲ್ ರೆಡ್ ಎಂಬ ಕೆಂಪು ವರ್ಣಕ ಆ ಬಣ್ಣವನ್ನು ಮುಚ್ಚಿಹಾಕಿತ್ತು. ಒಂದು ದಿನ ಫೀನಾಲ್ ರೆಡ್ ಇಲ್ಲದ ಬಾಟಲಿ ಕೈಗೆ ಬಂತು. ಗೋಳಗಳನ್ನು ಹಾಕಿದೆ. ದಾಳಿಂಬೆ ರಸದಂತಿದ್ದ ಬಣ್ಣ ನೋಡನೋಡುತ್ತಲೇ ನೇರಳೆಯಾಯಿತು, ಆಮೇಲೆ ಮಂಕು ನೀಲಿ. ಟ್ಯೂಬ್ ಹಿಡಿದು ಹಾಗೇ ನಿಂತುಬಿಟ್ಟೆ. ಗಂಟುಗಳ ಗಾತ್ರ ಅಳೆದರೆ 600 ನ್ಯಾನೊಮೀಟರ್ ದಾಟಿತ್ತು.

ಆ ಗಂಟುಗಳು ಭಾರಕ್ಕೆ ಕೆಳಗಿಳಿದು ಕೋಶಗಳ ಮೇಲೆ ಕೂತಿದ್ದವು. ತೊಳೆದರೂ ಹೋಗಿರಲಿಲ್ಲ. ಒಳಗಿನ ಚಿನ್ನ ಯಾವುದು, ಮೇಲೆ ಅಂಟಿದ್ದು ಯಾವುದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಪೆಗ್ ಇದ್ದ ಕಡ್ಡಿಗಳು ಮಾತ್ರ ಒಂಟಿ ಒಂಟಿಯಾಗಿ ತೇಲುತ್ತಿದ್ದವು.

ಅದಕ್ಕೇ ಹೇಳುತ್ತೇನೆ, ಆಕಾರ ಒಂದನ್ನೇ ಹಿಡಿದು ಕೇಳಿದರೆ ಉತ್ತರವಿಲ್ಲ. 2008ರಲ್ಲಿ ಹೈಡ್ರೋಜೆಲ್ (ನೀರು ಹೀರಿದ ಮೆತ್ತನೆಯ ಪಾಲಿಮರ್) ಕಣಗಳನ್ನು ಅದೇ ಹೀಲಾ ಕೋಶಗಳಿಗೆ ಕೊಟ್ಟು ನೋಡಿದವರಿಗೆ, 150 ನ್ಯಾನೊಮೀಟರ್ ದಪ್ಪ, 450 ಉದ್ದದ ಕಡ್ಡಿಗಳೇ 200ರ ಗಿಡ್ಡ ಕಣಗಳಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಒಳಗೆ ಹೋಗುವುದು ಕಂಡಿತು. ಹೊರಗಿನ ಕಣಗಳನ್ನು ನುಂಗುವ ರಕ್ಷಣಾ ಕೋಶ ಮ್ಯಾಕ್ರೋಫೇಜ್ ಆದರೆ ಉದ್ದನೆಯ ಕಣದ ತುದಿ ತಾಗಿದಾಗ ನುಂಗುತ್ತದೆ. ಚಪ್ಪಟೆ ಮಗ್ಗುಲು ತಾಗಿದರೆ ಅದರ ಮೇಲೆ ಹರಡಿಕೊಳ್ಳುತ್ತದೆ, ನುಂಗುವುದಿಲ್ಲ. ಅದೇ ಕಣ, ಅದೇ ಕೋಶ!

ಗಾತ್ರಕ್ಕೆ ಮಾತ್ರ ಒಂದು ಕಾರಣ ಹೇಳಬಹುದು. ತೀರಾ ಚಿಕ್ಕ ಕಣ ಕೋಶದ ಪೊರೆಯನ್ನು ಬಗ್ಗಿಸುವಷ್ಟು ರಿಸೆಪ್ಟರ್‌ಗಳನ್ನು (ಪೊರೆಯ ಮೇಲೆ ಕಣ ಅಂಟಿಕೊಳ್ಳುವ ಪ್ರೋಟೀನ್‌ಗಳನ್ನು) ಹಿಡಿಯಲಾರದು. ತೀರಾ ದೊಡ್ಡದನ್ನು ಸುತ್ತಲು ಅಕ್ಕಪಕ್ಕದ ರಿಸೆಪ್ಟರ್‌ಗಳು ಸಾಲುವುದಿಲ್ಲ.

ಎರಡಕ್ಕೂ ಒಂದೇ ಹೊದಿಕೆ ಹಾಕಿ. ಗಾತ್ರವನ್ನು ಮೀಡಿಯಂನಲ್ಲೇ ಅಳೆಯಿರಿ, ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. 4 ಡಿಗ್ರಿಯಲ್ಲಿ ಕೋಶಗಳ ಇನ್ನೊಂದು ಪ್ಲೇಟ್ ಇಡಿ. ಅಷ್ಟು ತಣ್ಣಗಿದ್ದರೆ ಕೋಶ ನುಂಗುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ, ಅಲ್ಲಿ ಸಿಕ್ಕಿದ್ದು ಬಹುಪಾಲು ಮೇಲೆ ಅಂಟಿದ್ದು. ಬರೀ ತೂಕ ನೋಡಿ ಕೊಡಬೇಡಿ, ಎಣಿಕೆಯನ್ನೂ ನೋಡಿ. ಒಂದೇ ತೂಕದಲ್ಲಿ 50ರ ಗೋಳಗಳು 100ರವಕ್ಕಿಂತ ಎಂಟು ಪಟ್ಟು ಜಾಸ್ತಿ ಇರುತ್ತವೆ.

ನಾನು ಗೋಳಗಳಿಗೂ ಪೆಗ್ ಹೊದಿಸಿ ಎಲ್ಲ ಮತ್ತೆ ಮಾಡಿದೆ. ಆ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಹಳೆಯ ಗ್ರಾಫ್ ತೆಗೆದು ಹೊಸದನ್ನೇ ಥೀಸಿಸ್‌ಗೆ ಹಾಕಿದೆ, ಪಕ್ಕದಲ್ಲಿ ಬಣ್ಣ ಬದಲಾದ ಆ ಟ್ಯೂಬಿನ ಫೋಟೋ.