ನಿಮ್ಮ ಅವ್ವ ಯಾಕೆ ಬಾಯಿ ಬಿಡುವುದಿಲ್ಲ?

ತಂಗಿ, ನಮಸ್ಕಾರ.

ಕೊಪ್ಪಳದ ಗವಿಮಠದ ಭಕ್ತೆಯಾಗಿದ್ದ ನಿಮ್ಮ ತಾಯಿಯ ಬಗ್ಗೆ ನೀವು ಕಳಿಸಿದ ‘ಭಕ್ತಿಯ ಬೆಳಕು ನನ್ನ ತಾಯಿ’ ಓದಿದೆ. ಕಾಗುಣಿತದ ತಪ್ಪಿಲ್ಲ. ಕೇಳಿದ ಅಳತೆಯಲ್ಲೇ ಇದೆ. ಇಷ್ಟು ಮಾಡುವವರೂ ಈಗ ಕಡಿಮೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ‘ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ನಿರಬಹುದಿತ್ತು. ಆದರೆ ನಾಲ್ಕನೇ ಪುಟದ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ಅಂಥ ಮಾತು ಬರೆಯಬಲ್ಲವರು ಉಳಿದ ಪುಟಗಳನ್ನು ಹೀಗೆ ಬರೆದರಲ್ಲ ಅಂತ ಸಿಟ್ಟೂ ಬಂತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಸಾಲು ನೋಡಿ. ‘ಕರುಣೆಯ ಕಡಲು, ತ್ಯಾಗದ ಮೂರ್ತಿ, ನಡೆದಾಡುವ ದೇವರಾಗಿದ್ದ ನನ್ನ ತಾಯಿ…’ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ಜನ ನಡೆದಾಡುವ ದೇವರು ಎಂದು ಕರೆದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟು, 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದವರು ಅವರು. ಈಗ ನಮ್ಮ ಕಚೇರಿಗೆ ವಾರಕ್ಕೆ ಮೂರು ನಾಲ್ಕು ನಡೆದಾಡುವ ದೇವರು ಅಂಚೆಯಲ್ಲಿ ಬರುತ್ತಾರೆ. ಈ ಸಾಲಿನಲ್ಲಿ ನಿಮ್ಮ ತಾಯಿಯ ಹೆಸರು ತೆಗೆದು ನನ್ನ ತಾಯಿಯ ಹೆಸರು ಹಾಕಿದರೂ ಏನೂ ಕೆಡುವುದಿಲ್ಲ. ತೊಂದರೆ ಅದೇ.

ಮುಂದಿನ ಸಾಲು: ‘ಅವರು ಎಂದೂ ದಣಿಯಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ.’

ತಂಗಿ, ನಿಮ್ಮ ಅವ್ವನ ಹಾಗೆ ನಾನೂ ರೊಟ್ಟಿ ಬಡಿದವಳು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುತ್ತಿರುವಾಗಲೇ ನಾದಬೇಕು. ಇಲ್ಲದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಿಟ್ಟುಕೊಳ್ಳುವ ಹಾಗಿಲ್ಲ, ಆಗಾಗ ನಾದುತ್ತಲೇ ಇರಬೇಕು. ಹಂಚಿಗೆ ಹಾಕಿ, ಒದ್ದೆ ಅರಿವೆ ಆಡಿಸಿ, ತಿರುವಿ, ಆಮೇಲೆ ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡಬೇಕು. ಮೆತ್ತಗೆ ಉಳಿದರೆ ಬೂಷ್ಟು ಹಿಡಿಯುತ್ತದೆ, ಮಠದ ದಾಸೋಹಕ್ಕೆ ಕಳಿಸಲು ಬರುವುದಿಲ್ಲ. ಗವಿಮಠದ ಗವಿಸಿದ್ಧಪ್ಪಜ್ಜನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್, ಬಂಡಿಗಳಲ್ಲಿ ಹೋಗುವ ಲಕ್ಷಗಟ್ಟಲೆ ರೊಟ್ಟಿಯ ಹಿಂದೆ ಇಂಥ ಹೆಂಗಸರ ನಡು, ಮೊಣಕಾಲು, ಹೊಗೆ ಕುಡಿದ ಕಣ್ಣು ಇವೆ. ದಿನವಿಡೀ ಒಲೆ ಮುಂದೆ ಕೂತವರು ದಣಿಯಲಿಲ್ಲ ಅಂದರೆ ಅವರ ದುಡಿಮೆಯನ್ನೇ ಅಳಿಸಿದ ಹಾಗೆ. ದಣಿದರು, ಆದರೂ ಮರುದಿನ ಮತ್ತೆ ಎಸರಿಟ್ಟರು. ಭಕ್ತಿ ಇದ್ದದ್ದು ಅಲ್ಲಿ.

ಇನ್ನು ಸಿಟ್ಟಿನ ಮಾತು. ಎರಡನೇ ಪುಟದಲ್ಲಿ ‘ಅಕ್ಕಮಹಾದೇವಿಯ ವೈರಾಗ್ಯ, ಆಯ್ದಕ್ಕಿ ಲಕ್ಕಮ್ಮನ ದಾಸೋಹ ಎರಡೂ ಅವರಲ್ಲಿ ಮೇಳೈಸಿದ್ದವು’ ಎಂದಿದ್ದೀರಿ. ಅಕ್ಕ ಮನೆ ಬಿಟ್ಟು ಹೊರಟವಳು. ನಿಮ್ಮ ತಾಯಿ ನಾಲ್ಕು ಮಕ್ಕಳನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಂಡವರು. ಅಕ್ಕನನ್ನು ಅವಳ ಪಾಡಿಗೆ ಬಿಡಿ. ಲಕ್ಕಮ್ಮನ ಹೋಲಿಕೆ ಸರಿ ಇದೆ, ಆದರೆ ನೀವು ಅವಳನ್ನು ಪೂರ್ತಿ ನೋಡಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ. ನಮಗೆ ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂತ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಎಂಟುನೂರು ವರ್ಷದ ನಂತರವೂ ಅವಳು ನೆನಪಿರುವುದು ಆ ಖಾರದ ಬಾಯಿಂದಲೇ. ನಿಮ್ಮ ಲೇಖನದಲ್ಲಿ ಅವ್ವನಿಗೆ ಬಾಯಿಯೇ ಇಲ್ಲ.

ಇಲ್ಲ ಅಂದರೆ ತಪ್ಪಾದೀತು, ಒಂದೇ ಒಂದು ಕಡೆ ಮಾತಾಡುತ್ತಾರೆ. ‘ಮಗಳೇ, ದಾಸೋಹವೇ ನಮ್ಮ ಬದುಕಿನ ಉಸಿರು ಎಂಬುದನ್ನು ಮರೆಯಬೇಡ.’ ಕೊಪ್ಪಳ ಸೀಮೆಯ ಯಾವ ಅವ್ವ ಒಲೆ ಮುಂದೆ ಕೂತು ಹೀಗೆ ಮಾತಾಡುತ್ತಾಳೆ? ಇದು ನಿಮ್ಮ ಭಾಷಣ. ಅವರ ಬಾಯಿಗೆ ತುರುಕಿದ್ದೀರಿ.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ. ಬರೆಯುವ ಕೆಲಸ ಕೊಡುವ ಮೊದಲು ಶ್ರದ್ಧಾಂಜಲಿ ಜಾಹೀರಾತಿನ ಕೌಂಟರಿನಲ್ಲಿ ಕೂಡಿಸಿದ್ದರು. ಒಂದು ರಟ್ಟಿನ ಮೇಲೆ ನಮೂನೆಗಳನ್ನು ಅಂಟಿಸಿದ್ದೆವು. ಬಂದವರು ಬೆರಳಿಟ್ಟು ತೋರಿಸುತ್ತಿದ್ದರು, ನಾವು ಹೆಸರು, ತಾರೀಖು ತುಂಬುತ್ತಿದ್ದೆವು. ‘ನಿಮ್ಮ ಅಗಲಿಕೆಯಿಂದ ದುಃಖತಪ್ತರಾದ’ ಅನ್ನುವುದಕ್ಕೆ ಬೇಡಿಕೆ ಜಾಸ್ತಿ. ಒಂದು ದಿನ ಪಟಗ ಸುತ್ತಿದ ಮುದುಕರೊಬ್ಬರು ಹೆಂಡತಿಯ ಫೋಟೊ ಹಿಡಿದು ಬಂದರು. ರಟ್ಟನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ, ‘ಇವು ಯಾವೂ ಬ್ಯಾಡವ್ವಾ. ಆಕಿ ಯಾರ ಸಾಲಾನೂ ಇಟ್ಟು ಹೋಗಿಲ್ಲ, ಅಷ್ಟ ಹಾಕು’ ಅಂದರು. ಅಂಥದ್ದನ್ನು ಹಾಕುವ ಪದ್ಧತಿ ಇಲ್ಲ ಅಂತ ನಮ್ಮ ಮೇಲಿನವರು ವಾದ ಮಾಡಿದರು. ಮುದುಕರು ಜಗ್ಗಲಿಲ್ಲ. ಕೊನೆಗೆ ಅದೇ ಅಚ್ಚಾಯಿತು. ಆ ಪುಟದಲ್ಲಿ ಇನ್ನೂ ಎಷ್ಟೋ ಜನ ಕರುಣೆಯ ಕಡಲುಗಳು ಇದ್ದರು. ನನಗೆ ಇವತ್ತಿಗೂ ಮುಖ ನೆನಪಿರುವುದು ಆ ಹೆಂಗಸಿನದು ಮಾತ್ರ.

ಈಗ ನಿಮ್ಮ ನಾಲ್ಕನೇ ಪುಟ. ‘ಜಾತ್ರೆಯ ರೊಟ್ಟಿ ಬಡಿಯುವ ದಿನ ಅವ್ವ ಅದರಲ್ಲಿ ಒಂದನ್ನೂ ನಮಗೆ ಮುಟ್ಟಗೊಡುತ್ತಿರಲಿಲ್ಲ. ಹರಿದ ರೊಟ್ಟಿ ಮಾತ್ರ ನಮಗೆ.’

ಇದನ್ನು ಬರೆದವರು ನೀವೇ ತಾನೇ? ಇಲ್ಲಿ ಮಠ ಇದೆ, ಮನೆ ಇದೆ, ಹಸಿವಿದೆ, ಅಳತೆ ಇದೆ, ಲಕ್ಕಮ್ಮನೂ ಇದ್ದಾಳೆ, ಹೆಸರು ಹೇಳದೆಯೇ. ನೀವು ನಾಲ್ಕು ಮಕ್ಕಳು ಒಲೆ ಸುತ್ತ ಕೂತು ಮುಂದಿನ ರೊಟ್ಟಿ ಹರಿಯಲಿ ಅಂತ ಆ ಗವಿಸಿದ್ಧಪ್ಪಜ್ಜನಿಗೇ ಬೇಡಿಕೊಂಡಿರಬೇಕು, ಅಲ್ವಾ? ಅದನ್ನು ಬರೆಯಿರಿ. ಆದರೆ ನೀವು ಮುಂದಿನ ಸಾಲಿನಲ್ಲೇ ‘ಹೀಗೆ ಅವರು ನಮಗೆ ತ್ಯಾಗದ ಪಾಠ ಕಲಿಸಿದರು’ ಅಂದುಬಿಟ್ಟಿರಿ. ಆ ಸಾಲನ್ನು ನಾನು ಅಡ್ಡಗೆರೆ ಎಳೆದು ಹೊಡೆದಿದ್ದೇನೆ. ಗೆರೆ ಸ್ವಲ್ಪ ಜೋರಾಗಿಯೇ ಬಿದ್ದಿದೆ, ಕಾಗದ ಹರಿದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಕೈ ಚಾಚಿದಾಗ ಅವ್ವ ಏನಂದರು? ಏಟು ಬಿತ್ತಾ? ನಿಮ್ಮ ಅಪ್ಪ ಕೇಳಿದರೂ ಕೊಡಲಿಲ್ಲವಾ? ನಿಮ್ಮದು ಮಳೆಯನ್ನೇ ನಂಬಿದ ಹೊಲ ಅಂದಿದ್ದೀರಿ. ಜೋಳ ಕೈಕೊಟ್ಟ ವರ್ಷ ಅವ್ವ ಏನು ಮಾಡಿದರು? ಕಡ ತಂದು ಬಡಿದರಾ, ಇಲ್ಲಾ ಈ ಸಲ ಇಷ್ಟೇ ಅಂತ ಗವಿಸಿದ್ಧಪ್ಪಜ್ಜನಿಗೇ ಹೇಳಿದರಾ? ಬೆಳಿಗ್ಗೆ ಕೊರಳ ಲಿಂಗ ಅಂಗೈಗೆ ತೆಗೆದುಕೊಂಡು ಕೂತಾಗ ಮಧ್ಯೆ ಯಾರಾದರೂ ಕರೆದರೆ ಗದರುತ್ತಿದ್ದರಾ? ನೀವು ಪಕ್ಕದಲ್ಲಿ ಕೂತು ಹಿಟ್ಟು ನಾದಿದ ಹುಡುಗಿ. ನಿಮಗೆ ಇದೆಲ್ಲ ಗೊತ್ತು.

ಐದನೇ ಪುಟದ ಬಗ್ಗೆ ಏನೂ ಹೇಳುವುದಿಲ್ಲ. ಆರನೆಯದೂ ಹಾಗೇ.

ರಥೋತ್ಸವ ಪುಷ್ಯ ಬಹುಳ ಬಿದಿಗೆಗೆ ತಾನೇ? ಅದಕ್ಕೂ ಒಂದು ತಿಂಗಳು ಮೊದಲು ಹೊಸ ಪ್ರತಿ ನನ್ನ ಕೈಸೇರಲಿ. ಉದ್ದ ಅರ್ಧದಷ್ಟಿದ್ದರೆ ಸಾಕು. ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ಬೇಡ. ಮತ್ತೆ ಮೂರನೇ ಪುಟದಲ್ಲಿ ಗವಿಮಠದ ಅಶೋಕನ ಶಾಸನ, ಅದು 1931ರಲ್ಲಿ ಸಿಕ್ಕಿದ್ದು, ಪಾಲ್ಕಿಗುಂಡಿನ ಇನ್ನೊಂದು ಶಾಸನ ಅಂತೆಲ್ಲ ಬರೆದಿದ್ದೀರಲ್ಲ, ಅದರಲ್ಲಿ ತಪ್ಪೇನಿಲ್ಲ. ಬೇರೆ ಲೇಖನ ಮಾಡಿ ಕಳಿಸಿದರೆ ಖಂಡಿತ ನೋಡುತ್ತೇನೆ. ಅಶೋಕನನ್ನೂ ಅವ್ವನ ತಲೆ ಮೇಲೆ ಹೊರಿಸಬೇಡಿ, ಅವರಿಗೆ ಆಗಲೇ ರೊಟ್ಟಿಯ ಬುಟ್ಟಿ ಇದೆ.